ಹೊನ್ನಕೊಪ್ಪದ ಕಡೆ, ಕಾಲುವೆ ದಂಡೆಗುಂಟ

ಹುಬ್ಬಳ್ಳಿಯ ಡಾಕ್ಟರು ಸುಶೀಲವ್ವನ ಕಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಬ್ಬೆರಳಿನ ಗಾಯ ಬತ್ತುತ್ತ ಬಂದಿತ್ತು. ಹೊಸ ಪಟ್ಟಿ ಕಟ್ಟಿಸಿ ಎರಡೇ ಮಾತು ಹೇಳಿದರು: ದಿನಾಲೂ ಒಂದು ತಾಸು ನಡೀರಿ, ಬರಿಗಾಲಿಲೆ ಮಾತ್ರ ಒಂದು ಹೆಜ್ಜೀನೂ ಇಡಬ್ಯಾಡ್ರಿ.

ಹುಬ್ಬಳ್ಳಿಯಲ್ಲಿ ಕೂತು ಹೇಳುವುದಕ್ಕೇನು. ಸುಶೀಲವ್ವನ ಊರು ಕರಿಕಟ್ಟಿ ಇರುವುದು ನವಲಗುಂದದ ಎರೆಭೂಮಿಯಲ್ಲಿ. ಮಳೆಯಾದರೆ ಅಲ್ಲಿಯ ಮಣ್ಣು ಬೀಗರಿದ್ದಂತೆ, ಒಮ್ಮೆ ಕಾಲು ಹಿಡಿಯಿತೆಂದರೆ ಮನೆಯ ತನಕ ಬಿಡುವುದಿಲ್ಲ. ಬಿಸಿಲಾದರೆ ಅದೇ ಮಣ್ಣು ಬಾಯಿ ತೆರೆದುಕೊಂಡು, ಎಡವಿದವರ ಪಾದ ನುಂಗಲು ಕಾದಿರುತ್ತದೆ. ಊರೊಳಗಿನ ಓಣಿಗಳಲ್ಲಿ ಕಲ್ಲು, ಕರು, ಬಚ್ಚಲ ನೀರು. ಕಾಲಿಗೆ ನೋವಾಗದಂತೆ ನಡೆಯಬಹುದಾದ ಸಪಾಟು ದಾರಿ ಊರಿಗೆ ಎರಡೇ. ಒಂದು ಕೆರೆಯ ದಂಡೆ, ಇನ್ನೊಂದು ಕಾಲುವೆಯ ದಂಡೆ.

ನಡೆಯದಿದ್ದರೆ ಏನಾಗುತ್ತದೆ ಎಂದು ಸುಶೀಲವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ತಾಯಿಗೂ ಇದೇ ಬೇನೆ ಇತ್ತು. ಆಗ ಅದಕ್ಕೆ ಸಕ್ಕರೆಯ ಹೆಸರು ಬಂದಿರಲಿಲ್ಲ, ಬರೀ 'ಮಾಯಲಾರದ ಗಾಯ' ಅನ್ನುತ್ತಿದ್ದರು. ಮೊದಲು ಬೆರಳು ಕಪ್ಪಾಯಿತು, ಆಮೇಲೆ ಪಾದ. ದೊಡ್ಡ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿ ಕಳಿಸಿದರು. ಹೊಲದ ತುಂಬ ಓಡಾಡಿದ ಹೆಂಗಸು ಕಡೆಯ ದಿನಗಳನ್ನು ಪಡಸಾಲೆಯ ಹೊರಸಿನ ಮೇಲೆ ಗೋಡೆ ನೋಡುತ್ತ ಕಳೆದಳು. ಸುಶೀಲವ್ವನಿಗೆ ಸಾಯುವ ಹೆದರಿಕೆ ಅಷ್ಟಿರಲಿಲ್ಲ. ಆ ಹೊರಸಿನ ಹೆದರಿಕೆ ಇತ್ತು.

ಮೊದಲು ಅವಳು ಕೆರೆಗೆ ಹೋದಳು. ಹೊಸ ಚಪ್ಪಲಿ ಮೆಟ್ಟಿಕೊಂಡು ದಂಡೆ ಹತ್ತುವಷ್ಟರಲ್ಲಿ ಬೇವಿನ ಗಿಡದ ಬುಡದಿಂದ ಕೆರೆ ಕಾಯುವ ಕರಿಸಿದ್ದಪ್ಪ ಎದ್ದು ಬಂದ. ಆ ಸೀಮೆಯಲ್ಲಿ ಬಾವಿ ತೋಡಿದರೆ ಸವುಳು ನೀರು. ಇಡೀ ಊರು ಕುಡಿಯುವುದು ಕೆರೆಯ ನೀರನ್ನೇ. ಅದಕ್ಕಾಗಿ ದನ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಬೇವಿನ ಗಿಡ ದಾಟಿ ಕೆರ ಮೆಟ್ಟುವಂತಿಲ್ಲ. ಕೆರಕ್ಕೂ ಕೆರೆಗೂ ಬರೆಯುವಾಗ ಒಂದು ಎತ್ವದ ಅಂತರವಿದ್ದರೆ, ಕರಿಸಿದ್ದಪ್ಪನ ಕಾನೂನಿನಲ್ಲಿ ಅರ್ಧ ಫರ್ಲಾಂಗು.

"ಅಕ್ಕಾರ, ಕೆರ ಇಲ್ಲೇ ಬಿಡ್ರಿ."

"ಡಾಕ್ಟರು ಕಾಲಾಗಿಂದು ತಗೀಬ್ಯಾಡ ಅಂದಾರೋ ಕರಿಸಿದ್ದಪ್ಪಾ."

"ಆ ಡಾಕ್ಟರು ನಮ್ಮ ಕೆರಿ ನೀರು ಕುಡೀತಾರೇನ್ರಿ?"

"ಅವರ್ಯಾಕ ಕುಡೀತಾರ?"

"ಹಂಗಾರ ಅವರ ಮಾತು ಇಲ್ಲಿ ನಡಿಯೂದಿಲ್ರಿ. ಹೋದ ವರ್ಷ ಸಾಹೇಬರು ಬಂದಿದ್ರಲ್ಲ, ಅವರ ಬೂಟಿನ ದಾರ ನನ್ನ ಕೈಲೇ ಬಿಚ್ಚೀನಿ."

"ನಾ ನೀರಿಗೆ ಇಳಿಯೂದಿಲ್ಲಪಾ. ದಂಡಿ ಮ್ಯಾಲೆ ಒಂದು ಸುತ್ತು ಹಾಕಿ ಬರ್ತೀನಿ."

"ಕಾಲೂ ನಿಮ್ದ, ಕೆರಾನೂ ನಿಮ್ದರಿ. ದಂಡಿ ಅಷ್ಟ ಊರಂದು." ಕರಿಸಿದ್ದಪ್ಪ ಅವಳ ಪಟ್ಟಿ ಕಟ್ಟಿದ ಬೆರಳು ನೋಡಿ ಮೆತ್ತಗಾದ. "ಬೇಕಾದ್ರ ಹೆಗಲ ಮ್ಯಾಲೆ ಕುಂದರಿಸಿಕೊಂಡು ನಾನ ಒಂದು ಸುತ್ತು ಹಾಕಸ್ತೀನ್ರಿ."

"ಅದಕ್ಕ ನಿನ್ನ ಸಕ್ಕರಿ ಕಮ್ಮಿ ಆದೀತು. ನಂದೆಲ್ಲಿ ಆಗಬೇಕು?" ಎಂದು ಸುಶೀಲವ್ವ ನಕ್ಕು ಹಿಂದಿರುಗಿದಳು. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಚಪ್ಪಲಿ ಮೆಟ್ಟಿ ದಂಡೆ ಹತ್ತಿದ ಬೀಗರಿಗೆ ಹಿಂದೆ ಅವಳೇ ಬೈದದ್ದುಂಟು. ಮನೆಯ ಕೊಡದಲ್ಲಿದ್ದದ್ದೂ ಅದೇ ನೀರು.

ಉಳಿದದ್ದು ಕಾಲುವೆ. ಮಲಪ್ರಭೆಯ ನೀರು ಊರ ಬದಿಗೆ ಹರಿಯತೊಡಗಿ ಎರಡೋ ಮೂರೋ ವರ್ಷವಾಗಿತ್ತು. ಆಗ ಎಪ್ಪತ್ತೇಳನೆಯ ಇಸವಿಯ ಸಂಕ್ರಾಂತಿ ಹತ್ತಿರ ಬಂದಿತ್ತು. ಇಂಜಿನಿಯರರ ಜೀಪು ಓಡಾಡಲೆಂದು ದಂಡೆಯ ಮೇಲೆ ಕೆಂಪು ಗರಸು ಹಾಕಿ, ಉರುಳುಗಲ್ಲು ಎಳೆದು, ಅಂಗೈಯಂತೆ ಸಪಾಟು ಮಾಡಿದ್ದರು. ಜೀಪು ಬರುವುದು ಅಪರೂಪ. ಎರಡೂ ಮಗ್ಗುಲಿಗೆ ಜೋಳ, ಹತ್ತಿ, ಕುಸುಬೆ. ಏರಿಲ್ಲ, ಇಳಿವಿಲ್ಲ. ಕಾಲಿಗೆ ಇಷ್ಟು ಅನುಕೂಲವಾದ ದಾರಿಗೆ ಕಾಲುವೆ ಎಂದಲ್ಲದೆ ಇನ್ನೇನು ಹೆಸರು ಇಡಬೇಕು. ಆದರೆ ನಸುಕಿನಲ್ಲಿ ಆ ದಂಡೆ ತಂಬಿಗೆ ಹಿಡಿದ ಗಂಡಸರದು. ಹೊತ್ತು ಏರಿದ ಮೇಲೆ ಹೊಲಕ್ಕೆ ಹೋಗುವ ಆಳುಗಳದು. ಕೆಲಸವಿಲ್ಲದ ಹೆಂಗಸಿಗೆ ಅಲ್ಲಿ ಯಾವ ಹೊತ್ತೂ ಇರಲಿಲ್ಲ.

ಗಂಡ ಕುಬೇರಪ್ಪ ಅದನ್ನೇ ಹೇಳಿದರು. ಹತ್ತಿ, ಮೆಣಸಿನಕಾಯಿ ಬೆಳೆದು, ಮಾರಿ, ಊರಲ್ಲಿ ನಾಲ್ಕು ಮಂದಿಗೆ ಬುದ್ಧಿ ಹೇಳುವ ಮನುಷ್ಯ. ಮಂದಿಗೆ ಬುದ್ಧಿ ಹೇಳುವವರಿಗೆ ಮಂದಿಯ ಹೆದರಿಕೆ ಒಂದು ತೂಕ ಹೆಚ್ಚು.

"ಹೆಂಗಸು ಒಬ್ಬಾಕಿ ಕಾಲುವಿ ದಂಡಿಗುಂಟ ಹೊಂಟ್ರ ಮಂದಿ ಏನಂದಾರು?"

"ಹಂಗಾರ ನೀವೂ ಬರ್ರಿ."

"ನಾ ಬಂದ್ರ ಇನ್ನೇನಂದಾರು? ಹೇಣ್ತೀನ್ನ ಕರಕೊಂಡು ಹವಾ ತಿನ್ನಾಕ ಹೊಂಟಾನ, ಮೂಗು ಬೆಳ್ಳಗಾದ ಮ್ಯಾಲೆ ಮದಲಿಂಗ ಆಗ್ಯಾನ ಅಂತಾರ. ಯಾಕ ಹೊಂಟ್ರಿ ಅಂತ ಕೇಳಿದ್ರ ಏನ್ ಹೇಳ್ಲಿ? ಸುಮ್ನ ಅನ್ಲೇನು? ಎತ್ತಾದ್ರೂ ಸುಮ್ನ ಅಡ್ಡಾಡತೈತೇನು?"

"ಕಾಲು ಬ್ಯಾನಿ ಐತಿ ಅನ್ರಿ."

"ಕಾಲು ಬ್ಯಾನಿ ಇದ್ದಾಕಿ ಮನ್ಯಾಗ ಕುಂದ್ರಬೇಕು ಅಂತಾರ."

ಮೂಗು 'ಬೆಳ್ಳಗಾದ' ಎಂದದ್ದು ಮೀಸೆಯ ವಿಷಯಕ್ಕೆ. ಸಿಟ್ಟಿನಲ್ಲಿ ಕುಬೇರಪ್ಪನವರ ಮಾತು ಒಂದಂಗುಲ ಮೇಲೆ ಬೀಳುತ್ತಿತ್ತು. ಸುಶೀಲವ್ವ ತಿದ್ದಲಿಲ್ಲ. ಮರುದಿನದಿಂದ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಲ್ಲೇ ಸುತ್ತತೊಡಗಿದಳು. ಬಣವಿಯಿಂದ ಬಚ್ಚಲಿಗೆ, ಬಚ್ಚಲದಿಂದ ಬಣವಿಗೆ. ಕಟ್ಟಿದ್ದ ಆಕಳು ಮೇವು ಬಿಟ್ಟು, ಅವಳು ಬಂದಾಗಲೊಮ್ಮೆ ಹೋದಾಗಲೊಮ್ಮೆ ಗೋಣು ತಿರುಗಿಸಿತು. ಕಡೆಗೆ ಬೇಸತ್ತು ಮಲಗಿತು. ಮೂರನೆಯ ದಿನ ಬಣವಿಯ ಬುಡದ ಕಟ್ಟಿಗೆ ಚೂರು ತಾಗಿ ಬೆರಳಿನ ಪಟ್ಟಿಯ ಮೇಲೆ ಮತ್ತೆ ಒಂದು ಕೆಂಪು ಚುಕ್ಕೆ ಮೂಡಿತು. ಅವಳು ಗೋಡೆಗೆ ಆತು ನಿಂತು ಅದನ್ನೇ ನೋಡುತ್ತಿದ್ದಳು. ಕುಬೇರಪ್ಪ ಬಾಗಿಲಲ್ಲಿ ನಿಂತು ಅವಳನ್ನು ನೋಡಿದರು. ಹಾಗೆಯೇ ಒಳಗೆ ಹೋದರು.

ಮರುದಿನ ಮುಂಜಾನೆ ರೊಟ್ಟಿ ತಿಂದು, ಪಟಕಾ ಸುತ್ತಿಕೊಂಡು, ಅಂಗಳಕ್ಕೆ ಬಂದು ಗಂಟಲು ಸರಿಮಾಡಿಕೊಂಡರು.

"ಕಾಲಾಗ ಹಾಕ್ಕೊ. ಹೊನ್ನಕೊಪ್ಪದ ಕಡೆ ಹೋಗಿ ಬರೂಣು."

"ಯಾಕ್ರಿ?"

"ಬಾ ಅಂದ್ರ ಬಾ."

ಸುಶೀಲವ್ವ ಮತ್ತೆ ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಗುತ್ತದೋ ಎಂದು ಸೆರಗು ತಲೆಯ ಮೇಲೆ ಹೊದ್ದುಕೊಂಡು ಹೊರಟೇಬಿಟ್ಟಳು. ಹೊನ್ನಕೊಪ್ಪ ಕಾಲುವೆಯ ದಾರಿಯಲ್ಲಿ ಹರದಾರಿ ದೂರದ ಸಣ್ಣ ಊರು. ಅಲ್ಲಿ ಅವಳ ದೊಡ್ಡವ್ವ ಗೌರಕ್ಕ ಇದ್ದಳು, ತಾಯಿಯ ಅಕ್ಕ. ಎಂಬತ್ತು ದಾಟಿದ ಮುದುಕಿ, ದಸರಾದಿಂದ ಹಾಸಿಗೆ ಹಿಡಿದಿದ್ದಾಳೆಂಬ ಸುದ್ದಿ ಸುತ್ತಲಿನ ಊರುಗಳಿಗೆಲ್ಲ ಗೊತ್ತಿತ್ತು. ಕುಬೇರಪ್ಪ ಆ ಹೆಸರು ತೆಗೆದದ್ದು ಮುದುಕಿಯನ್ನು ನೋಡಲಿಕ್ಕಲ್ಲ. ದಾರಿಯಲ್ಲಿ ಯಾರಾದರೂ ಕೇಳಿದರೆ ಹೇಳಲು ಒಂದು ಊರು ಬೇಕಾಗಿತ್ತು.

ಕಾಲುವೆ ತುಂಬಿ ಹರಿಯುತ್ತಿತ್ತು. ಗರಸಿನ ಮೇಲೆ ಸುಶೀಲವ್ವನ ಚಪ್ಪಲಿ ಒಂದೇ ಲಯದಲ್ಲಿ ಚರಪರ ಅಂದಿತು. ಕಲ್ಲು ತಾಗೀತೆಂದು ನೆಲ ನೋಡುತ್ತ ನಡೆದಳು. ಹತ್ತು ಮಾರು ಹೋಗುವಷ್ಟರಲ್ಲಿ ಅವಳಿಗೆ ಕಾಲಿನ ನೆನಪು ಹೋಗಿ, ನೀರಿನ ವಾಸನೆ, ಕುಸುಬೆಯ ಹಳದಿ, ಬೆನ್ನಿಗೆ ಬಿಸಿಲು ಎಲ್ಲ ಹಿತವಾಗತೊಡಗಿದವು. ಗಂಡನಿಗೆ ಹೇಳಬೇಕೆನ್ನಿಸಿತು. ಅವರ ಮುಖ ನೋಡಿ ಸುಮ್ಮನಾದಳು. ಕುಬೇರಪ್ಪ ಪಂಚರ ಮುಂದೆ ತಪ್ಪು ಒಪ್ಪಿಕೊಳ್ಳಲು ಹೊರಟವರಂತೆ ನಡೆಯುತ್ತಿದ್ದರು.

ತೂಬಿನ ಹತ್ತಿರ ಎದುರಿಗೆ ಬಾಷಾಸಾಬ ಬಂದ. ಅವರ ಮನೆಯ ಬಾಜೂದವ, ಕುಬೇರಪ್ಪನವರ ಹತ್ತಿ ಹಿಂಜಿ ಗಾದಿ ಮಾಡುವವ, ಮಾತಿನಲ್ಲಿ ಹತ್ತಿಗಿಂತ ಮೆತ್ತಗೆ. ತಲೆಯ ಮೇಲೆ ಗಾದಿಯ ಸುರುಳಿ ಇತ್ತು. ಆ ಸೀಮೆಯಲ್ಲಿ ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಸುತ್ತುಹಾಕಿ ಕೇಳಬೇಕು.

"ದೂರ ಹೊಂಟ್ರೇನ್ರಿ ಸಾವುಕಾರ್ರ?"

"ಇಲ್ಲೇ. ಹೊನ್ನಕೊಪ್ಪದ ಕಡೆ," ಎಂದು ಕುಬೇರಪ್ಪ ಮುಖವನ್ನು ನೀರಿನ ಕಡೆ ತಿರುಗಿಸಿದರು.

ಬಾಷಾಸಾಬ ಮೇಲಿಂದ ಕೆಳಗೆ ನೋಡಿದ. ಗಂಡ ಹೆಂಡತಿ ಇಬ್ಬರೂ ನಡೆದುಕೊಂಡು ಹೊರಟಿದ್ದಾರೆ. ಮನೆಯಲ್ಲಿ ಎರಡು ಗಾಡಿ ಇದ್ದರೂ ಗಾಡಿ ಹೂಡಿಲ್ಲ. ಕೈಯಲ್ಲಿ ಚೀಲವಿಲ್ಲ, ಬುತ್ತಿಗಂಟಿಲ್ಲ. ಬೀಗರ ಊರಿಗೆ ಬರಿಗೈಯಲ್ಲಿ ಹೋಗುವುದು ಒಂದೇ ಕಾರಣಕ್ಕೆ. ಅಕ್ಕಾರು ಸೆರಗು ಹೊದ್ದು ನೆಲ ನೋಡುತ್ತಿದ್ದಾರೆ. ಸಾವುಕಾರರಿಗೆ ಮಾತು ಹೊರಡುತ್ತಿಲ್ಲ. ಹೊನ್ನಕೊಪ್ಪದಲ್ಲಿ ಗೌರಕ್ಕ ಹಾಸಿಗೆ ಹಿಡಿದಿದ್ದಳು.

ಇಂಥ ಹೊತ್ತಿನಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಹೋಗುವವರೂ ಹೇಳುವುದಿಲ್ಲ. ತಿಳಿದುಕೊಂಡು ಜೊತೆಗೆ ನಡೆಯುವುದೇ ರೀತಿ. ಬಾಷಾಸಾಬ ಗಾದಿಯನ್ನು ತೂಬಿನ ಕಟ್ಟೆಯ ಮೇಲಿಟ್ಟ. ಹುಟ್ಟಿದಾಗಿನಿಂದ 'ಸಾವುಕಾರ್ರ' ಅನ್ನುತ್ತಿದ್ದವ ಆ ಮಾತಿನ ಮೊದಲ ಎರಡಕ್ಷರಕ್ಕೆ ಅಂಜಿ, "ಅಣ್ಣಾರ, ನಾನೂ ಬರ್ತೀನ್ರಿ," ಎಂದ.

"ನೀ ಯಾಕೋ?"

"ಬರೂದು ನನ್ನ ಧರ್ಮರಿ."

ಹೆಂಡತಿಯ ಜೊತೆ ನಡೆಯುವುದನ್ನು ನೋಡುವುದರಲ್ಲಿ ಇವನದೇನು ಧರ್ಮ ಎಂದು ಕುಬೇರಪ್ಪನವರಿಗೆ ತಿಳಿಯಲಿಲ್ಲ. ಚೇಷ್ಟೆಗೆ ಬರುತ್ತಿದ್ದಾನೆ ಎಂದುಕೊಂಡು ಹೆಜ್ಜೆ ಬಿರುಸು ಮಾಡಿದರು. ಸುಶೀಲವ್ವನೂ ಬಿರುಸಾದಳು. ಡಾಕ್ಟರರ ಸಲಹೆ ತಾನಾಗಿಯೇ ಪಾಲನೆಯಾಗುತ್ತಿತ್ತು.

ಕೆಳಗಿನ ಮೆಣಸಿನ ತೋಟದಲ್ಲಿ ದುರಗವ್ವ ಕಾಯಿ ಬಿಡಿಸುತ್ತಿದ್ದಳು. ಸುತ್ತಲಿನ ಯಾವ ಊರಲ್ಲಿ ಯಾರು ಹೋದರೂ ಹೆಣದ ಮುಂದೆ ಹಾಡಿಕೊಂಡು ಅಳಲು ಅವಳೇ ಬೇಕು; ಅವಳು ಅತ್ತರೆ ಹೊಲದ ಸಲುವಾಗಿ ಬಡಿದಾಡಿದ ಅಣ್ಣತಮ್ಮಂದಿರೂ ಅಳುತ್ತಿದ್ದರು. ಬಾಷಾಸಾಬ ದಂಡೆಯ ಮೇಲಿನಿಂದಲೇ ಅಂಗೈ ಆಕಾಶಕ್ಕೆ ಮಾಡಿ ತೋರಿಸಿದ. ದುರಗವ್ವ ಉಡಿಯ ಕಾಯಿ ಸುರುವಿ, ಕಾಲುವೆಯಲ್ಲಿ ಕೈ ತೊಳೆದು, ಜೊತೆಗಿದ್ದ ಹೆಣ್ಣಾಳುಗಳನ್ನೂ ಕರೆದುಕೊಂಡು ದಂಡೆ ಹತ್ತಿದಳು. ಮುಂದೆ ಇಬ್ಬರು ಗಂಡಾಳುಗಳು ಬಾರುಕೋಲು ಬಿಟ್ಟು ಬಂದರು. ಮೊರಬಕ್ಕೆ ಹೊರಟಿದ್ದ ಒಬ್ಬ ಕಂಬಾರ ಸೈಕಲ್ಲಿನಿಂದ ಇಳಿದು, ಸೈಕಲ್ಲನ್ನು ಹೊರಳಿಸಿ ನೂಕುತ್ತ ಹಿಂಬಾಲಿಸಿದ.

"ಮಣ್ಣು ಎಷ್ಟೊತ್ತಿಗಂತ?" ಎಂದು ಅವನು ಪಿಸುಗುಟ್ಟಿದ.

"ಅಣ್ಣಾರು ನಡಿಯೂ ಬಿರುಸು ನೋಡಿದ್ರ ಭಾಳ ಹೊತ್ತು ಇಲ್ಲ," ಎಂದ ಬಾಷಾಸಾಬ.

ಕುಬೇರಪ್ಪನವರಿಗೆ ಬೆನ್ನ ಹಿಂದೆ ಹೆಜ್ಜೆಗಳು ಹೆಚ್ಚುತ್ತಿರುವುದು ಕೇಳಿಸುತ್ತಿತ್ತು. ತಿರುಗಿ ನೋಡಿದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ 'ಸುಮ್ನ' ಅನ್ನಬೇಕಾಗುತ್ತದೆ. ಕಿವಿ ಕೆಂಪಾಗಿ ಮುಂದೆ ನೋಡುತ್ತ ಹೊರಟರು. ಹಿಂದಿನವರು ಅದನ್ನು ಕಂಡು, ದುಃಖ ನುಂಗಿಕೊಂಡಾರ ಪಾಪ, ಅಂದುಕೊಂಡರು.

ಅಷ್ಟರಲ್ಲಿ ದುರಗವ್ವ ಶುರುಮಾಡಿದಳು. ಮೊದಲು ಮೂಗಿನಲ್ಲೇ, ದನಿ ಹದ ಮಾಡಿಕೊಳ್ಳುವವಳಂತೆ; ಆಮೇಲೆ ಮಾತು ಮೂಡಿದವು.

"ಬಂದವರ ಕಾಲಿಗೆ ನೀರ ಕೊಟ್ಟಾಕೀ... ಹೊನ್ನಕೊಪ್ಪದ ಹಿರಿಯವ್ವಾ... ಗೌರವ್ವಾ... ಹ್ವಾದ್ಯಾ ನನ್ನವ್ವಾ..."

ಸುಶೀಲವ್ವನ ಕಾಲು ನಿಂತವು. ಹಿಂದಿರುಗಿ ನೋಡಿದಳು. ದುರಗವ್ವನ ಸೆರಗು ಬಾಯಲ್ಲಿತ್ತು. ಬಾಷಾಸಾಬ ಟೊಪ್ಪಿಗೆ ಸರಿಮಾಡಿಕೊಂಡು ನೆಲ ನೋಡಿದ. ಒಂದು ಕ್ಷಣದಲ್ಲಿ ಸುಶೀಲವ್ವನಿಗೆ ಎಲ್ಲ ತಿಳಿದಂತಾಯಿತು. ನಾಲ್ಕು ದಿನದ ಹಿಂದೆ ಕರೆದರೂ ಬರದ ಗಂಡ ಇವತ್ತು ತಾನಾಗಿ 'ಬಾ' ಅಂದದ್ದು. 'ಯಾಕ' ಅಂದರೆ ಹೇಳದೆ ಇದ್ದದ್ದು. ದೊಡ್ಡವ್ವ ಹೋಗಿದ್ದಾಳೆ, ಒಮ್ಮೆಲೇ ಹೇಳಿದರೆ ತಡೆದುಕೊಳ್ಳಲಾರಳೆಂದು ನಡೆಯುವ ನೆವ ಮಾಡಿ ಕರೆದುಕೊಂಡು ಹೊರಟಿದ್ದಾರೆ.

ಅವಳ ಕಣ್ಣೀರು ಇಳಿಯಿತು. ದೊಡ್ಡವ್ವನ ಸಲುವಾಗಿ ಬಂದ ನೀರು ಎಷ್ಟು, ಬೇರೆಯದರ ಸಲುವಾಗಿ ಎಷ್ಟು, ಅವಳಿಗೂ ಬೇರ್ಪಡಿಸಲಾಗುತ್ತಿರಲಿಲ್ಲ.

ಕುಬೇರಪ್ಪ ಈಗ ತಿರುಗಲೇಬೇಕಾಯಿತು. ಹೆಂಡತಿ ಅಳುತ್ತಿದ್ದಳು. ಹಿಂದೆ ಎಂಟು ಹತ್ತು ಮಂದಿ ಕೈಕಟ್ಟಿ ನಿಂತಿದ್ದರು. ದುರಗವ್ವನ ಬಾಯಲ್ಲಿ ಗೌರಕ್ಕನ ಹೆಸರಿತ್ತು. ಇವರಿಗೆ ಹಿಂದಿನಿಂದ ಸುದ್ದಿ ಬಂದಿರಬೇಕು, ಅದಕ್ಕೇ ಬಂದಿದ್ದಾರೆ, ನಾನೇ ಏನೇನೋ ತಿಳಿದುಕೊಂಡೆ, ಎಂದು ನಾಚಿದರು.

"ಖರೇ ಏನೋ ಬಾಷಾ?" ಎಂದರು ಸಣ್ಣ ದನಿಯಲ್ಲಿ.

ದುಃಖದಲ್ಲಿದ್ದವರು ಹಾಗೆಯೇ ಕೇಳುತ್ತಾರೆಂದು ಬಾಷಾಸಾಬನಿಗೆ ಗೊತ್ತಿತ್ತು. "ಖರೇ ಅಂತ ನಂಬಾಕ ಆಗೂದಿಲ್ರಿ ಅಣ್ಣಾರ. ಏನ್ ಮಾಡೂದು, ತುಂಬಿದ ಬಾಳ್ವೆ. ಧೈರ್ಯ ತಗೊರಿ."

ಹೀಗೆ ಯಾರೂ ತರದ ಸುದ್ದಿಯನ್ನು ಎಲ್ಲರೂ ಒಬ್ಬರಿಂದೊಬ್ಬರು ಪಡೆದುಕೊಂಡು ಹೊನ್ನಕೊಪ್ಪ ಸೇರಿದರು.

ಗೌರಕ್ಕನ ಮನೆಯ ಮುಂದೆ ಮಂದಿ ಇರಲಿಲ್ಲ, ಹಲಗೆಯ ಸದ್ದಿರಲಿಲ್ಲ. "ನಾವ ಮೊದಲ ಬಂದೇವಿ," ಎಂದ ಕಂಬಾರ, ತುಸು ಸಮಾಧಾನದಿಂದ. ದುರಗವ್ವ ಹೊಸ್ತಿಲ ಹತ್ತಿರ ಕುಸಿದು ಕೂತು, ದಾರಿಯುದ್ದಕ್ಕೂ ಹಿಡಿದಿಟ್ಟುಕೊಂಡಿದ್ದ ದನಿಯನ್ನು ಪೂರಾ ಬಿಟ್ಟಳು.

"ಒಬ್ಬರಿಗೆ ಎದುರಾಡದಾಕೀ... ಮುತ್ತಿನಂಥ ಮಾತಿನಾಕೀ... ಬಾಗಿಲ ತಗದ ಹ್ವಾದ್ಯಾ ನನ್ನವ್ವಾ..."

ಪಡಸಾಲೆಯಲ್ಲಿ ಆಳೆತ್ತರ ಕೆಂಪು ಮೆಣಸಿನಕಾಯಿಯ ರಾಶಿ ಇತ್ತು. ರಾಶಿಯ ಆಚೆಯಿಂದ ಒಂದು ಸೀನು ಬಂತು.

"ಯಾರು ಬೇ ಅದು, ಬಾಗಲಾಗ ಹೊಯ್ಕೊಳ್ಳಾಕಿ?"

ದುರಗವ್ವನ ದನಿ 'ವ್ವಾ'ದಲ್ಲಿ ತೆರೆದ ಬಾಯೊಳಗೇ ನಿಂತಿತು. ರಾಶಿಯ ಮಗ್ಗುಲಿನಿಂದ ಗೌರಕ್ಕನ ತಲೆ ಹೊರಬಂತು. ಮೂಗಿಗೆ ಅರಿವೆ ಕಟ್ಟಿಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಅರಿವೆ ಇಳಿಸಿ ಒಬ್ಬೊಬ್ಬರನ್ನೇ ನೋಡಿದಳು. ಸುಶೀಲವ್ವನ ಒದ್ದೆ ಮುಖ, ಕುಬೇರಪ್ಪನವರ ಕೈಯಲ್ಲಿ ಬಿಚ್ಚಿ ಹಿಡಿದ ಪಟಕಾ, ಬಾಷಾಸಾಬನ ಕಟ್ಟಿದ ಕೈ.

"ಯಾರು ಸತ್ತಾರ?"

ಮುದುಕಿ ಒಂದು ಕಾಯಿಯ ತೊಟ್ಟು ಮುರಿದು ರಾಶಿಗೆ ಎಸೆದಳು.

"ನಾನನ?"

ಬಾಷಾಸಾಬ ಕೆಮ್ಮಿದ. ಅದು ಖಾರದ ಕೆಮ್ಮೋ ಬೇರೆಯದೋ ಹೇಳಲಾಗುತ್ತಿರಲಿಲ್ಲ.

"ದುರಗಿ, ಚಲೋ ಹಾಡಾಕತ್ತಿದ್ದಿ, ಯಾಕ ನಿಂತಿ? ಕುಂದ್ರು, ಹಾಡು. ಖರೇನ ಹೋದ ಮ್ಯಾಲೆ ಹಾಡಿದ್ರ ನನಗೇನು ಕೇಳಸತೈತಿ?"

"ಯಕ್ಕಾ, ತಪ್ಪಾತು..."

"ತಪ್ಪಂತೂ ಆಗೇತಿ. ಒಬ್ಬರಿಗೆ ಎದುರಾಡದಾಕಿ ಅಂದ್ಯಲ್ಲ, ನಾ ಆಡದ ಬಿಟ್ಟೀನೇನು? ನಮ್ಮತ್ತಿಗೆ ಆಡೀನಿ, ಊರ ಗೌಡಗ ಆಡೀನಿ, ದಸರಾದಾಗ ಯಮಗೂ ಆಡಿ ಕಳಿಸೀನಿ. ಮುತ್ತಿನಂಥ ಮಾತು ಅಂತ. ಊರಾಗ ಯಾರರ ಕೇಳಿದ್ರ ನಕ್ಕಾರು. ಅದನ್ನ ತಗದು ಕಲ್ಲಿನಂಥ ಮಾತು ಅಂತ ಹಾಕು."

ಮೊದಲು ನಕ್ಕವ ಒಳಗಿನಿಂದ ಬಂದ ಗೌರಕ್ಕನ ಮಗ ಈರಪ್ಪ. ಆಮೇಲೆ ಕಂಬಾರ. ಆಮೇಲೆ ಹೊಸ್ತಿಲಲ್ಲಿದ್ದವರೆಲ್ಲ ನಗುತ್ತ, ಕೆಮ್ಮುತ್ತ, ಸೀನುತ್ತ ಒಳಗೆ ಬಂದು ಕೂತರು. ದಸರಾದಲ್ಲಿ ಬಿದ್ದ ಅವ್ವ ಈ ಸಲದ ಕಾಯಿಯ ಬಣ್ಣ ಕೇಳಿ ಎದ್ದು ಕೂತಳೆಂದು ಈರಪ್ಪ ಹೇಳಿ, ಚಾ ಮಾಡಿಸಲು ಒಳಗೆ ಹೋದ.

ಗೌರಕ್ಕ ಬಿಡುವವಳಲ್ಲ. ನಿನಗೆ ಯಾರು ಹೇಳಿದರು ಎಂದರೆ ದುರಗವ್ವ ಬಾಷಾಸಾಬನನ್ನು ನೋಡಿದಳು. ಬಾಷಾಸಾಬ ಕುಬೇರಪ್ಪನವರನ್ನು ನೋಡಿದ.

"ಅಣ್ಣಾರು ಹೊನ್ನಕೊಪ್ಪದ ಕಡೆ ಅಂದ್ರು. ಮಾರಿ ಹಂಗ ಮಾಡಿದ್ರು."

"ನನ್ನ ಮಾರಿ ಇರೂದ ಹಂಗ," ಎಂದರು ಕುಬೇರಪ್ಪ.

"ಮತ್ತ ನೀವಿಬ್ಬರೂ ಬರಿಗೈಲೆ, ಗಾಡಿ ಬಿಟ್ಟು, ಏನ್ ಕೆಲಸಕ್ಕ ಬಂದ್ರಿ?" ಎಂದಳು ಗೌರಕ್ಕ.

ಕುಬೇರಪ್ಪ ಜಂತಿ ನೋಡಿದರು. ಸುಶೀಲವ್ವ ಕಣ್ಣೊರೆಸಿಕೊಂಡಳು.

"ನಾ ಹೇಳ್ತೀನಿ ದೊಡ್ಡವ್ವಾ. ಕೆಲಸ ಏನೂ ಇಲ್ಲ, ಸುಮ್ನ ನಡ್ಯಾಕ ಬಂದೇವಿ. ನಡೀದಿದ್ರ ಕಾಲು ಉಳಿಯೂದಿಲ್ಲ ಅಂದಾರ." ಒಂದು ಉಸಿರು ತೆಗೆದುಕೊಂಡಳು. "ಅವ್ವನ ಕಾಲು ನೆನಪೈತಲ್ಲ?"

ತೊಟ್ಟು ಮುರಿಯುತ್ತಿದ್ದ ಗೌರಕ್ಕನ ಬೆರಳು ನಿಂತವು.

"ನಿನಗೂ?"

"ಹೂಂ."

"ಇಲ್ಲಿ ಬಾ. ತೋರಸು."

ಸುಶೀಲವ್ವ ಹೋಗಿ ಮುದುಕಿಯ ಮುಂದೆ ಕಾಲು ಚಾಚಿ ಕೂತಳು. ಗೌರಕ್ಕ ಹಿಡಿದು ನೋಡಲೆಂದು ಕೈ ಮುಂದೆ ಮಾಡಿದವಳು, ಕೈ ತುಂಬ ಖಾರವಿದ್ದದ್ದು ನೆನಪಾಗಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. ಕೈ ಬೆನ್ನಿಗಿಟ್ಟುಕೊಂಡೇ ಬಾಗಿ, ಪಟ್ಟಿಯ ಹತ್ತಿರ ಮುಖ ತಂದು, ಸಣ್ಣ ಮಕ್ಕಳಿಗೆ ಊದುವಂತೆ ಒಮ್ಮೆ ಊದಿದಳು. ಯಾರೂ ನಗಲಿಲ್ಲ.

"ನನ್ನ ತಂಗಿ ಆ ಹೊರಸಿನ ಮ್ಯಾಲೆ ಏನಂತಿದ್ಲು ಗೊತ್ತೇನು ನಿನಗ? ಯಕ್ಕಾ, ಹೊಲಾ ನೋಡ್ಬೇಕು ಅನಸತೈತಿ ಅಂತಿದ್ಲು. ಹೊಲ ಎಲ್ಲಿ ಹೋಗತೈತಿ, ಆರಾಮ ಆದ ಮ್ಯಾಲೆ ನೋಡೀಯಂತ ಅಂತಿದ್ವಿ ನಾವು." ಗೌರಕ್ಕ ಮೂಗಿನ ಅರಿವೆಯಿಂದ ಕಣ್ಣು ಒರೆಸಿಕೊಳ್ಳಲು ಹೋಗಿ, ಖಾ‌ರ ತಾಗಿ, "ಹಾಳಾಗ ಹೋಗ್ಲಿ," ಎಂದು ಇನ್ನಷ್ಟು ನೀರು ತಂದುಕೊಂಡಳು.

ಸುಶೀಲವ್ವ ಗಂಡನ ಕಡೆ ತಿರುಗಿದಳು. ನಾಲ್ಕು ಮಂದಿಯ ಮುಂದೆ ಅವರೊಡನೆ ನೇರ ಮಾತಾಡಿದ್ದು ಅವಳ ಮೂವತ್ತು ವರ್ಷದ ಬಾಳ್ವೆಯಲ್ಲಿ ಕಡಿಮೆ.

"ದಾರ್ಯಾಗ ದುರಗವ್ವನ ಹಾಡು ಕೇಳಿದಾಗ ನಾ ಏನಂದ್ಕೊಂಡೆ ಹೇಳ್ಲೇನ್ರಿ? ದೊಡ್ಡವ್ವ ಹೋಗ್ಯಾಳ, ಅದಕ್ಕ ಇವರು ನನ್ನ ಕೂಡ ಬಂದಾರ ಅಂದ್ಕೊಂಡೆ. ಸತ್ತವರ ಸಲುವಾಗಿ ಆದ್ರ ಮಂದಿ ಮುಂದ ಹರದಾರಿ ನಡೀತಾರ. ನನ್ನ ಕಾಲಿನ ಸಲುವಾಗಿ ನಡ್ಯಾಕ ನಾಚಿಕಿ ಬರತೈತಿ ಅಂತ."

ಕುಬೇರಪ್ಪ ಪಟಕಾ ಕೈಯಲ್ಲಿ ತಿರುವಿದರು. ಚಾ ಬಂತು. ಬಸಿ ಹಿಡಿದು ಎಲ್ಲರೂ ಸೊರ್ ಎಂದು ಕುಡಿದರು. ಆ ಸದ್ದಿನ ಮರೆ ಅವರಿಗೆ ಆಗ ಬೇಕಾಗಿತ್ತು. ಸುಶೀಲವ್ವನದು ಸಕ್ಕರೆ ಇಲ್ಲದ್ದು. ಕುಬೇರಪ್ಪ ಮಾತ್ರ ಬಸಿಯಲ್ಲಿ ಸುರುವಿಕೊಂಡದ್ದು ತಣ್ಣಗಾಗುವ ತನಕ ಅದನ್ನೇ ನೋಡುತ್ತಿದ್ದರು.

ಹೊರಡುವಾಗ ಈರಪ್ಪ ಗಾಡಿ ಹೂಡಿದ. ಅಳಲು ಬಂದವರನ್ನು ನಡೆಸಿ ಕಳಿಸಿದರೆ ಹೊನ್ನಕೊಪ್ಪದ ಮಾನ ಉಳಿಯುವುದಿಲ್ಲ ಎಂದ. ಹುಲ್ಲು ಹಾಸಿ ಮೇಲೆ ಜಮಖಾನೆ ಹಾಸಿದ. ಹಿರಿಯರೆಂದು ಮೊದಲು ಕುಬೇರಪ್ಪನವರನ್ನು ಮುಂದೆ ಕೂಡಿಸಿದರು. ಬಾಷಾಸಾಬ, ದುರಗವ್ವ, ಆಳುಗಳು ಹತ್ತಿದರು. ಕಂಬಾರನ ಸೈಕಲ್ಲೂ ಹತ್ತಿತು.

ಸುಶೀಲವ್ವ ಹತ್ತಲಿಲ್ಲ. ಬಾಗಿ ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡಳು.

"ಬಾ ತಂಗಿ, ಜಾಗ ಐತಿ," ಎಂದ ಈರಪ್ಪ.

"ನೀವು ಮುಂದ ಹೋಗ್ರಿ. ನಾ ಬಂದಂಗ ಹೋಗ್ತೀನಿ," ಎಂದು ಅವಳು ಯಾರ ಮುಖವನ್ನೂ ನೋಡದೆ ಕಾಲುವೆ ದಂಡೆ ಹತ್ತಿದಳು. ನಾಳೆಯಿಂದ ಒಬ್ಬಳೇ ಆದರೂ ಸರಿ ಎಂದು ಆ ಬೆನ್ನಿನಲ್ಲಿ ಬರೆದಂತಿತ್ತು.

ಗಾಡಿ ಅಲುಗಿತು. ಕುಬೇರಪ್ಪ ಒಂದು ಸಲ ಬಾಷಾಸಾಬನನ್ನು ನೋಡಿದರು, ಒಂದು ಸಲ ದುರಗವ್ವನನ್ನು. ಅವರಿಬ್ಬರೂ ಎತ್ತಿನ ಬಾಲ ನೋಡುತ್ತಿದ್ದರು. ಕುಬೇರಪ್ಪ ಗಾಡಿಯ ಅಂಚಿಗೆ ಕೈಯೂರಿ ಇಳಿದುಬಿಟ್ಟರು. ಧೋತರದ ಚುಂಗು ಹಿಡಿದು ಬಿರಬಿರ ನಡೆದು ಹೆಂಡತಿಯನ್ನು ಕೂಡಿಕೊಂಡರು. ಜೀಪಿನ ದಾರಿ ಅಗಲವಿತ್ತು. ಹಿಂದೆ ಮುಂದೆ ಆಗುವ ಕಾರಣವಿರಲಿಲ್ಲ. ಮಗ್ಗುಲಿಗೆ ಮಗ್ಗುಲಾಗಿ ನಡೆದರು.

ಸ್ವಲ್ಪ ದೂರ ಹೋದ ಮೇಲೆ ಸುಶೀಲವ್ವ, "ಕುಸುಬಿ ಚಲೋ ಬಂದೈತ್ರಿ," ಎಂದಳು.

"ಬಂದೈತಿ," ಎಂದರು ಕುಬೇರಪ್ಪ. "ಕಲ್ಲು ಐತಿ, ಈ ಕಡೆ ಬಾ."

ಹಿಂದೆ ಗಾಡಿಯ ಗಾಲಿ ಕಿರುಗುಟ್ಟುತ್ತಲೇ ಇತ್ತು. ಹಿರಿಯರನ್ನು ದಾಟಿ ಹೋಗಲು ಈರಪ್ಪನಿಗೆ ಮನಸ್ಸು ಬಾರದೆ, ಎತ್ತಿನ ಹಗ್ಗ ಜಗ್ಗಿ ಹಿಡಿದು ಅವರ ಹೆಜ್ಜೆಗೆ ಹೆಜ್ಜೆ ಹೊಂದಿಸಿದ್ದ. ಗಾಡಿಯ ತುಂಬ ಕೂತವರು ಇವರಿಬ್ಬರ ಬೆನ್ನನ್ನೇ ನೋಡುತ್ತ ಬರುತ್ತಿದ್ದರು.

"ಮುಂದ ಹೋಗೋ ಈರಪ್ಪಾ," ಎಂದು ಕುಬೇರಪ್ಪ ಕೂಗಿದರು.

"ನಿಮ್ಮನ್ನ ಬಿಟ್ಟು ಹೆಂಗ ಹೋಗ್ಲಿ ಮಾಮಾ. ಸಾವಕಾಶ ಬರ್ರಿ, ಎತ್ತಿಗೇನು ಅವಸರ ಇಲ್ಲ."

ಕಾಲುವೆಯ ಗೇಟು ತಿರುವುವ ಹನಮಂತಪ್ಪ ಎದುರಿಗೆ ಬಂದ. ಮುಂದೆ ಗಂಡ ಹೆಂಡತಿ, ಹಿಂದೆ ತುಂಬಿದ ಗಾಡಿ, ಎಲ್ಲರೂ ಒಂದೇ ನಿಧಾನ. ಅವನು ದಾರಿ ಬಿಟ್ಟು ನಿಂತು, ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದ.

"ಯಾರ್ರಿ ಯಜಮಾನ್ರ?"

ಕುಬೇರಪ್ಪ ನಿಂತರು. ಕಿವಿ ಒಮ್ಮೆ ಕೆಂಪಾದವು. ಸುಶೀಲವ್ವ ನೀರು ನೋಡಿದಳು.

"ಯಾರೂ ಇಲ್ಲೋ. ಎಲ್ಲಾರೂ ಅದಾರ. ನಮ್ಮ ಮನ್ಯಾಕಿಗೆ ಡಾಕ್ಟರು ನಡೀಬೇಕು ಅಂದಾರ, ಇಬ್ಬರೂ ನಡ್ಯಾಕತ್ತೇವಿ. ನಾಳೆನೂ ಇದ ಹೊತ್ತಿಗೆ ಬರ್ತೀವಿ. ಟವೆಲ್ ತಲಿ ಮ್ಯಾಲೆ ಹಾಕ್ಕೊ."

ಹನಮಂತಪ್ಪ ಟವೆಲು ಹಾಕಿಕೊಂಡ. ಹಿಂದೆ ನೋಡಿದ.

"ಮತ್ತ ಆ ಗಾಡಿ?"

"ಅದೂ ನಡ್ಯಾಕತ್ತೈತಿ," ಎಂದು ಕುಬೇರಪ್ಪ ಮುಂದೆ ಹೊರಟರು.